ಕೋಠಿಯ ಕಂಬಗಳು, ನಮ್ಮೂರಿನ ಬಾಗಿಲು

ಕಳೆದ ತಿಂಗಳು ಘಾಟಬೋರಾಳದಿಂದ ಕಾಕಾ ಫೋನ್ ಮಾಡಿದ್ದರು. "ಮುಂದಿನ ಗ್ವಾಡಿ ಕೆಡವಿ ಎರಡು ಅಂಗಡಿ ತೆಗಿಬೇಕಂತ ಮಾಡೀವಿ. ನಿಂದೂ ಪಾಲು ಅದ. ನೀ ಹ್ಞೂಂ ಅಂದ್ರ ಚಾಲೂ ಮಾಡ್ತೀವಿ."

ನಮ್ಮದು ದೊಡ್ಡ ವಾಡೆಯೇನಲ್ಲ. ಮಣ್ಣಿನ ದಪ್ಪ ಗೋಡೆ, ಕಟ್ಟಿಗೆ ಕಂಬದ ಪಡಸಾಲೆ, ಮೇಲೆ ಮಾಳಿಗೆ, ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕಾದ ತಲೆಬಾಗಿಲು. ಹೈದರಾಬಾದಿನ ಫ್ಲಾಟಿನಲ್ಲಿ ಕೂತ ನಾನು ಹ್ಞೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆಗ ಅತ್ತಿ ಕಣ್ಣು ತೋರಿಸಲಿಕ್ಕೆ ಅಂತ ನನ್ನ ಹತ್ತಿರ ಬಂದಿದ್ದಳು. "ನನ್ನ ಕಾಲೇಜ್ ತೋರಸ್ತಿ ಏನು?" ಅಂದಳು. 1983ರಲ್ಲಿ ಮುತ್ಯಾ ಊರ ಮಂದಿಯ ಮಾತು ಕಿವಿಗೆ ಹಾಕಿಕೊಳ್ಳದೆ ಮಗಳನ್ನು ಓದಲು ಕಳಿಸಿದ್ದು ಕೋಠಿಯ ವಿಮೆನ್ಸ್ ಕಾಲೇಜಿಗೆ. ಬೀದರ ಜಿಲ್ಲೆ 1956ರಲ್ಲೇ ನಮ್ಮ ರಾಜ್ಯಕ್ಕೆ ಸೇರಿದರೂ ನಮ್ಮ ಕಡೆಯವರಿಗೆ ಇವತ್ತಿಗೂ ಶಹರ ಅಂದರೆ ಹೈದರಾಬಾದೇ. ಮಿಯಾಪುರದಲ್ಲಿ ಮೆಟ್ರೋ ಹತ್ತಿ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದೆವು.

ಕೋಠಿಯ ಗದ್ದಲ ದಾಟಿ ಒಳಗೆ ಕಾಲಿಟ್ಟರೆ ಎದುರಿಗೆ ಆರು ಭಾರೀ ಕಂಬಗಳು. ಅವುಗಳ ಮೇಲೆ ತ್ರಿಕೋನದ ಮುಖ, ಅದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಮೆಟ್ಟಿಲ ಎರಡೂ ಬದಿಗೆ ಸಿಂಹ. ಇದು ಬ್ರಿಟಿಷ್ ರೆಸಿಡೆನ್ಸಿ. ಇಟಲಿಯಲ್ಲಿ 16ನೇ ಶತಮಾನದಲ್ಲಿ ಪಲ್ಲಾಡಿಯೊ ಎಂಬ ಶಿಲ್ಪಿ ಇದ್ದ. ಮನೆಯ ಮುಂದೆ ಗುಡಿಯ ಮುಖ ತಂದು ಹಚ್ಚುವುದು, ನಡುವೆ ದಾರ ಹಿಡಿದರೆ ಎಡ ಬಲ ಒಂದೇ ತೂಕ ಬರುವಂತೆ ಕಟ್ಟುವುದು ಅವನ ಪದ್ಧತಿ. ಇಂಗ್ಲೆಂಡಿನ ಜಮೀನ್ದಾರರು ಅದಕ್ಕೆ ಮರುಳಾದರು. ಅಲ್ಲಿಂದ ಅದು ಮುಸಿ ನದಿಯ ದಂಡೆಗೂ ಬಂತು. ಇಲ್ಲಿಯ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್‌ಗಾಗಿ 1803ರ ಸುಮಾರಿಗೆ ಇದನ್ನು ಯೋಜಿಸಿದವನು ಸ್ಯಾಮ್ಯುಯೆಲ್ ರಸೆಲ್, ಮದ್ರಾಸಿನ ಸೈನ್ಯದ ಇಂಜಿನಿಯರ್. ಒಂದು ಕತೆಯಿದೆ: ಮೊದಲು ದೊಡ್ಡ ನಕ್ಷೆ ತಂದು ಹಾಸಿದಾಗ ನಿಜಾಮರು ಇಲ್ಲ ಅಂದರಂತೆ. ಅದೇ ನಕ್ಷೆಯನ್ನು ಸಣ್ಣ ಕಾಗದದಲ್ಲಿ ಬರೆದು ತಂದಾಗ ಸರಿ ಅಂದರಂತೆ. ಕ್ಲೈಂಟ್ ಮೀಟಿಂಗಿಗೆ ಹೋಗುವವರು ನೆನಪಿಟ್ಟುಕೊಳ್ಳಬಹುದು.

ನನ್ನನ್ನು ಹಿಡಿದಿಟ್ಟಿದ್ದು ಆ ಕಂಬಗಳಲ್ಲ, ಆಮೇಲೆ ಆದ ಬದಲಾವಣೆ. ಕರ್ಕ್‌ಪ್ಯಾಟ್ರಿಕ್ ಮದುವೆಯಾದ ಖೈರುನ್ನೀಸಾ ಪರದೆಯೊಳಗಿನ ಹೆಣ್ಣುಮಗಳು. ಆಕೆ ಮುಂದೆ ಬಂದು ಮನೆ ನೋಡುವಂತಿರಲಿಲ್ಲ ಎಂದು ಜನಾನಾದ ತೋಟದಲ್ಲೇ ಅದರ ಸಣ್ಣ ಮಾದರಿ ಕಟ್ಟಿಸಿದನಂತೆ. ಆಕೆಯಿದ್ದ ರಂಗಮಹಲನ್ನು ಮುಂದಿನ ರೆಸಿಡೆಂಟರ ಕಾಲದಲ್ಲಿ ಕೆಡವಿಬಿಟ್ಟರು. 1857ರ ಜುಲೈ 17ರಂದು ತುರ್ರೇಬಾಜ್ ಖಾನ್, ಮೌಲ್ವಿ ಅಲ್ಲಾವುದ್ದೀನ್ ದಾಳಿ ಮಾಡಿದ ಮೇಲೆ ತೋಟದ ಬಂಗಲೆಗೆ ಕೋಟೆಯಂಥ ಕಾವಲು ಬಂತು. ಬ್ರಿಟಿಷರು ಹೋದ ಮೇಲೆ, 1949ರಲ್ಲಿ, ಇಲ್ಲಿಗೆ ಬಂದದ್ದು ಹುಡುಗಿಯರ ಕಾಲೇಜು.

"ಇಲ್ಲೇ ಬೆಂಚ್ ಹಾಕಿದ್ರು," ಅತ್ತಿ ದರ್ಬಾರ್ ಹಾಲಿನ ನಡುವೆ ನಿಂತು ಹೇಳಿದಳು. "ಮ್ಯಾಲೆ ನೋಡಕೋತ ಕೂತು ಬೈಸಿಕೊಂಡೀನಿ." ಮೇಲಿನ ಬಣ್ಣದ ಚಾವಣಿಯ ಅಲಂಕಾರ ಕಾಗದದ ಮುದ್ದೆಯದು. ಅಂಥ ನಾಜೂಕಿನ ಕೆಳಗೆ ದಶಕಗಟ್ಟಲೆ ಕ್ಲಾಸು ನಡೆದಿವೆ. ಸೋರಿ, ಬಿರುಕು ಬಿಟ್ಟು 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನ ಅಪಾಯದ ಪಟ್ಟಿ ಸೇರಿತ್ತು. ದೀರ್ಘ ರಿಪೇರಿಯ ನಂತರ 2023ರಲ್ಲಿ ಮತ್ತೆ ತೆರೆಯಿತು. ಈಗ ಬೆಂಚುಗಳಿಲ್ಲ. ಅತ್ತಿಗೆ ಅದು ಅಷ್ಟು ಸೇರಲಿಲ್ಲ. "ಚಂದ ಅದ. ಖಾಲಿ ಖಾಲಿ ಅದ."

ನನಗೆ ನಮ್ಮ ಮನೆ ನೆನಪಾಯಿತು. ಅದರಲ್ಲಿ ಎಡ ಬಲ ಯಾವತ್ತೂ ಒಂದೇ ಇರಲಿಲ್ಲ. ಮುತ್ಯಾನಿಗೆ ಮಕ್ಕಳಾದಂತೆ ಖೋಲಿ ಬೆಳೆದವು, ದನದ ಕೊಟ್ಟಿಗೆ ಕಾಕಾನ ಅಡುಗೆಮನೆಯಾಯಿತು. ಹಳೇ ಕೋಡಿಗೆ ಪ್ಯಾಚ್ ಹಚ್ಚಿದ ಹಾಗೆ.

ವಾಪಸ್ ಮೆಟ್ರೋದಲ್ಲಿ ಕಾಕಾನಿಗೆ ಫೋನ್ ಹಚ್ಚಿದೆ. "ಒಂದೇ ಅಂಗಡಿ ತೆಗೀರಿ ಕಾಕಾ. ತಲಬಾಗಿಲ ಇರ್ಲಿ. ಮಾಳಗಿ ಸೋರೋದಕ್ಕ ನಾನೂ ರೊಕ್ಕ ಹಾಕ್ತೀನಿ."

"ಎರಡನೇ ಅಂಗಡಿ ಬಾಡಿಗಿ ತಿಂಗಳಾ ನೀ ಕಳಸ್ತಿ ಏನು?" ಅಂದರು.

ಕೇಳಿದ್ದರಲ್ಲಿ ತಪ್ಪಿಲ್ಲ. ಊರಲ್ಲಿ ಇರುವವರು ಅವರು, ನಾನು ದೀಪಾವಳಿಗೆ ಬರುವ ಗಿರಾಕಿ. ಏನು ಹೇಳಬೇಕೋ ತಿಳಿಯದೆ ಸುಮ್ಮನಾದೆ.

"ಕೊಡಿಲ್ಲಿ," ಅಂತ ಅತ್ತಿ ಫೋನ್ ಕಸಿದುಕೊಂಡಳು. ಅಮೀರ್‌ಪೇಟ್ ಬರುವವರೆಗೂ ತಮ್ಮನ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದಳು.