ಶಿಕೋಕು ದ್ವೀಪದ ಪಾದಯಾತ್ರೆಗೆ ಸಿದ್ಧತೆ

ತೀರ್ಥಯಾತ್ರೆಯೆಂಬುದು ನಮ್ಮ ಜನಕ್ಕೆ ಹೊಸದಲ್ಲ. ಕಾಶೀ ರಾಮೇಶ್ವರಗಳ ಹೆಸರನ್ನು ಕೇಳದ ಮನೆಯಿಲ್ಲ. ಶ್ರೀಶೈಲಕ್ಕೂ ಪಂಢರಪುರಕ್ಕೂ ನಡೆದೇ ಹೋಗತಕ್ಕವರು ಇಂದಿಗೂ ನಮ್ಮ ನಾಡಿನಲ್ಲಿ ಸಹಸ್ರಾರು ಮಂದಿ ಇದ್ದಾರೆ. ಆದರೆ ಸಮುದ್ರವನ್ನು ದಾಟಿ, ಭಾಷೆ ತಿಳಿಯದ ದೇಶದಲ್ಲಿ, ದಿನಗಟ್ಟಲೆ ಕಾಲ್ನಡಿಗೆಯಿಂದ ಕ್ಷೇತ್ರ ಕ್ಷೇತ್ರಗಳನ್ನು ಸಂದರ್ಶಿಸಬೇಕೆಂದು ಯೋಚಿಸುವವರು ವಿರಳ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಅರುವತ್ತರ ಹೊಸ್ತಿಲಲ್ಲಿ ನಿಂತಿರುವ ನಮ್ಮಲ್ಲಿ ಇಂಥದೊಂದು ಯೋಚನೆ ಹುಟ್ಟಿದೆ. ಇನ್ನೂ ಹೊರಟಿಲ್ಲ, ಹೊರಡುವ ಸನ್ನಾಹದಲ್ಲಿದ್ದೇವೆ. ಈ ಸನ್ನಾಹದಲ್ಲಿ ತಿಳಿದುಬಂದ ಸಂಗತಿಗಳು ಇದೇ ಬಯಕೆಯುಳ್ಳ ಇತರರಿಗೂ, ಮನೆಯಲ್ಲಿ ಕುಳಿತೇ ಓದಿ ಸಂತೋಷಪಡುವವರಿಗೂ ಉಪಯುಕ್ತವಾದಾವೆಂದು ಬರೆಯುತ್ತಿದ್ದೇವೆ.

ನಾವು ಹೋಗಬೇಕೆಂದಿರುವುದು ಜಪಾನಿನ ಶಿಕೋಕು ದ್ವೀಪಕ್ಕೆ. 'ಶಿಕೋಕು' ಎಂದರೆ ನಾಲ್ಕು ನಾಡು ಎಂದರ್ಥ. ಆವಾ, ತೋಸಾ, ಇಯೋ, ಸನುಕಿ ಎಂಬ ನಾಲ್ಕು ಪ್ರಾಚೀನ ಪ್ರಾಂತಗಳು ಸೇರಿ ಆ ದ್ವೀಪವಾಗಿದೆ. ಅದರ ಸುತ್ತ ೮೮ ಬೌದ್ಧ ದೇವಾಲಯಗಳುಂಟು. ಮೊದಲನೆಯದರಿಂದ ಕಡೆಯದರವರೆಗೆ ಸುಮಾರು ೧,೨೦೦ ಕಿಲೋಮೀಟರು ದಾರಿ. ಸಂಖ್ಯೆಯ ಕ್ರಮದಲ್ಲಿ ನಡೆದರೆ ದ್ವೀಪವು ಯಾತ್ರಿಕನ ಬಲಗಡೆಗಿರುತ್ತದೆ. ಎಂದರೆ ಇಡೀ ದ್ವೀಪಕ್ಕೇ ಒಂದು ಪ್ರದಕ್ಷಿಣೆ ಹಾಕಿದಂತಾಗುತ್ತದೆ. ನಾಲ್ಕು ಪ್ರಾಂತಗಳಿಗೆ ನಾಲ್ಕು ಸಾಧನೆಯ ಮೆಟ್ಟಿಲುಗಳ ಹೆಸರನ್ನೂ ಇಟ್ಟಿದ್ದಾರೆ. ಆವಾ ಪ್ರಾಂತದ ೨೩ ಕ್ಷೇತ್ರಗಳು ಬೋಧಿಚಿತ್ತದ ಉದಯಕ್ಕೆ, ತೋಸಾದ ೧೬ ಸಾಧನೆಗೆ, ಇಯೋದ ೨೬ ಬೋಧಿಗೆ, ಸನುಕಿಯ ೨೩ ನಿರ್ವಾಣಕ್ಕೆ. ಜಪಾನೀಯರು ಬೋಧಿಯನ್ನು 'ಬೋದಾಯ್' ಎಂದೂ ನಿರ್ವಾಣವನ್ನು 'ನೆಹಾನ್' ಎಂದೂ ಉಚ್ಚರಿಸುತ್ತಾರೆ.

ಈ ಯಾತ್ರೆಯ ಮೂಲಪುರುಷನು ಕೂಕಾಯ್ ಎಂಬ ಆಚಾರ್ಯ. ಈತನು ಕ್ರಿ. ಶ. ೭೭೪ರಲ್ಲಿ ಇದೇ ದ್ವೀಪದಲ್ಲಿ ಜನಿಸಿದನು. ಜನ್ಮಸ್ಥಳವಾದ ಜೆನ್‌ತ್ಸೂಜಿಯು ಈಗ ೭೫ನೆಯ ಕ್ಷೇತ್ರ. ಯೌವನದಲ್ಲಿ ಮುರೋತೋ ಭೂಶಿರದ ಗುಹೆಯೊಂದರಲ್ಲಿ ಕುಳಿತು ಆಕಾಶಗರ್ಭ ಬೋಧಿಸತ್ತ್ವನ ಮಂತ್ರವನ್ನು ಜಪಿಸಿದನೆಂದೂ, ಅಲ್ಲಿಂದ ಕಾಣುತ್ತಿದ್ದುದು ಆಕಾಶ ಸಮುದ್ರಗಳೆರಡೇ ಆದುದರಿಂದ ಆ ಅರ್ಥದ 'ಕೂಕಾಯ್' ಎಂಬ ಹೆಸರನ್ನು ತಾಳಿದನೆಂದೂ ಪ್ರತೀತಿಯುಂಟು. ೮೦೪ರಲ್ಲಿ ಚೀನಾ ದೇಶಕ್ಕೆ ಹೋಗಿ, ಅಲ್ಲಿಯ ರಾಜಧಾನಿಯಲ್ಲಿ ಹುಯಿಗುವೊ ಎಂಬ ಗುರುವಿನಿಂದ ಮಂತ್ರಯಾನದ ದೀಕ್ಷೆಯನ್ನೂ, ಭಾರತದಿಂದ ಹೋಗಿದ್ದ ಪ್ರಜ್ಞನೆಂಬ ಭಿಕ್ಷುವಿನಿಂದ ಸಂಸ್ಕೃತವನ್ನೂ ಪಡೆದು ೮೦೬ರಲ್ಲಿ ಸ್ವದೇಶಕ್ಕೆ ಮರಳಿದನು. ೮೩೫ರಲ್ಲಿ ಕೋಯಾ ಪರ್ವತದ ಮೇಲೆ ದೇಹವನ್ನು ಬಿಟ್ಟನೆಂದು ಚರಿತ್ರೆಯು ಹೇಳಿದರೆ, ಅಲ್ಲಿ ಇಂದಿಗೂ ಸಮಾಧಿಸ್ಥನಾಗಿ ಕುಳಿತಿದ್ದಾನೆಂದು ಭಕ್ತರು ನಂಬುತ್ತಾರೆ. ೯೨೧ರಲ್ಲಿ ಚಕ್ರವರ್ತಿಯು ಆತನಿಗೆ 'ಕೋಬೋ ದಾಯಿಶಿ' ಎಂಬ ಬಿರುದನ್ನು ಕೊಟ್ಟನು. ೮೮ ಕ್ಷೇತ್ರಗಳ ಈ ಕ್ರಮವು ಮಾತ್ರ ಬಹಳ ಕಾಲಾನಂತರ ನೆಲೆಗೊಂಡಿತು. ಶಿನ್ನೆನ್ ಎಂಬ ಸಾಧುವು ೧೬೮೭ರಲ್ಲಿ ಯಾತ್ರಿಕರಿಗೆ ದಾರಿ ತೋರುವ ಪುಸ್ತಕವನ್ನು ಅಚ್ಚು ಹಾಕಿಸಿದನು.

ಸಂಸ್ಕೃತದ ಮೇಷ್ಟರಿಗೆ ಜಪಾನಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಕೂಕಾಯ್ ತನ್ನೊಡನೆ ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಎಂಬ ಲಿಪಿಯಲ್ಲಿ ಕೊಂಡೊಯ್ದನು. ನಮ್ಮ ತಾಳಗುಂದದ ಸ್ತಂಭಶಾಸನವು 'ಸಿದ್ಧಂ' ಎಂಬ ಪದದಿಂದಲೇ ಆರಂಭವಾಗುವುದನ್ನು ಬಲ್ಲವರು ಬಲ್ಲರು. ಆ ಮಂಗಳಪದವೇ ಅಲ್ಲಿ ಲಿಪಿಯ ಹೆಸರಾಗಿ ನಿಂತಿದೆ. ಭಾರತದಲ್ಲಿ ಆ ಲಿಪಿಯ ಬಳಕೆ ನಿಂತು ಎಷ್ಟೋ ಶತಮಾನಗಳಾದುವು. ಶಿಕೋಕುವಿನ ಯಾತ್ರಿಕನ ಟೊಪ್ಪಿಗೆಯ ಮೇಲೂ ಊರುಗೋಲಿನ ಮೇಲೂ ಅದು ಇಂದಿಗೂ ನಡೆದಾಡುತ್ತಿದೆ. ಅಲ್ಲಿಯ ಜನರ ಬಾಯಲ್ಲಿ 'ನಮಃ' ಎಂಬುದು 'ನಮು' ಆಗಿದೆ, 'ಓಂ' ಎಂಬುದು 'ಓನ್' ಆಗಿದೆ, 'ಸ್ವಾಹಾ' ಎಂಬುದು 'ಸೊವಾಕ' ಆಗಿದೆ. ಪ್ರತಿಯೊಂದು ಕ್ಷೇತ್ರದಲ್ಲಿ ಮುಖ್ಯ ಮಂದಿರದ ಮುಂದೆ ಒಮ್ಮೆ, ಆಚಾರ್ಯನ ಮಂದಿರದ ಮುಂದೆ ಒಮ್ಮೆ, ಪ್ರಜ್ಞಾಪಾರಮಿತಾಹೃದಯ ಸೂತ್ರವನ್ನು ಪಠಿಸುವುದು ಸಂಪ್ರದಾಯ. ಹಾಗೆ ಯಾತ್ರೆ ಮುಗಿಯುವುದರೊಳಗೆ ೧೭೬ ಸಲ ಪಾರಾಯಣವಾಗುತ್ತದೆ. ಮೊದಲನೆಯ ಕ್ಷೇತ್ರವಾದ ರ್ಯೋಜೆನ್‌ಜಿಯ ಹೆಸರೇ ನಮ್ಮ ರಾಜಗೃಹದ ಬಳಿಯ ಗೃಧ್ರಕೂಟ ಪರ್ವತವನ್ನು ಸ್ಮರಿಸತಕ್ಕದ್ದು. ಮೂವತ್ತೈದು ವರ್ಷ ಶಬ್ದರೂಪಗಳನ್ನು ಹೇಳಿಕೊಟ್ಟ ನಮಗೆ, ಆ ಶಬ್ದಗಳು ಕಡಲಾಚೆಯ ಹಳ್ಳಿಗರ ನಾಲಗೆಯಲ್ಲಿ ಹೇಗೆ ಬಾಳುತ್ತಿವೆಯೆಂದು ಕಿವಿಯಾರೆ ಕೇಳಬೇಕೆಂಬ ಆಸೆ.

ಸಮುದ್ರಯಾನವು ಕಲಿವರ್ಜ್ಯವಲ್ಲವೇ ಎಂದು ನಮ್ಮ ಹಿರಿಯ ಮಿತ್ರರೊಬ್ಬರು ಆಕ್ಷೇಪಿಸಿದರು. ನಿಬಂಧಕಾರರು ಹಾಗೆ ಬರೆದಿರುವುದು ನಿಜ. ಆದರೆ ಬೋಧಿಸೇನನೆಂಬ ಭಾರತೀಯ ಭಿಕ್ಷುವು ೭೩೬ರಲ್ಲಿಯೇ ಜಪಾನನ್ನು ಸೇರಿ, ೭೫೨ರಲ್ಲಿ ನಾರಾ ನಗರದ ಮಹಾಬುದ್ಧ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದನು. ಹನ್ನೆರಡು ಶತಮಾನಗಳಿಗೂ ಹಿಂದೆ ನಮ್ಮವನೊಬ್ಬನು ದಾಟಿದ ಕಡಲನ್ನು ನಾವು ವಿಮಾನದಲ್ಲಿ ದಾಟಿದರೆ ದೋಷವೇನೂ ಇರಲಾರದೆಂದು ಉತ್ತರಿಸಿದೆವು.

ಇನ್ನು ದಾರಿಯ ವಿಚಾರ. ಓಸಾಕಾ ಪ್ರದೇಶದಲ್ಲಿ ಇಳಿದು, ೧೯೯೮ರಲ್ಲಿ ತೆರೆದ ಆಕಾಶಿ ಜಲಸಂಧಿಯ ಮಹಾಸೇತುವೆಯ ಮೇಲೆ ಬಸ್ಸಿನಲ್ಲಿ ತೋಕುಶಿಮಾ ಪಟ್ಟಣಕ್ಕೆ ಹೋಗಿ, ಅಲ್ಲಿಂದ ರೈಲಿನಲ್ಲಿ ಬಾಂದೋ ನಿಲ್ದಾಣಕ್ಕೆ ಹೋದರೆ ಮೊದಲನೆಯ ಕ್ಷೇತ್ರವು ಕಾಲ್ನಡಿಗೆಯ ದೂರದಲ್ಲಿದೆ. ಮೊದಲ ಹತ್ತು ಕ್ಷೇತ್ರಗಳು ಹತ್ತಿರ ಹತ್ತಿರ ಇರುವುದರಿಂದ ಹೊಸಬನಿಗೆ ಯಾತ್ರೆಯು ಸುಲಭವೆಂದೇ ತೋರುತ್ತದೆ. ಹನ್ನೊಂದರಿಂದ ಹನ್ನೆರಡನೆಯದಾದ ಶೋಸಾನ್‌ಜಿಗೆ ಹೋಗುವ ಬೆಟ್ಟದ ದಾರಿಯಲ್ಲಿ ಆ ಭ್ರಾಂತಿ ಹರಿಯುತ್ತದೆ. ಆ ಏರಿಗೆ 'ಯಾತ್ರಿಕನು ಉರುಳುವ ಜಾಗ' ಎಂದೇ ಹೆಸರು. ಮುಂದೆ ೨೩ನೆಯ ಕ್ಷೇತ್ರದಿಂದ ೨೪ನೆಯದಕ್ಕೆ ಕಡಲ ತೀರದಲ್ಲಿ ಸುಮಾರು ೭೫ ಕಿಲೋಮೀಟರು. ೩೭ರಿಂದ ೩೮ಕ್ಕೆ ೮೦ ಕಿಲೋಮೀಟರಿಗೂ ಮೇಲು. ನಡುವೆ ಬೇರೆ ಕ್ಷೇತ್ರವಿಲ್ಲ. ದಾರಿಯ ಬಹುಭಾಗ ಡಾಂಬರು ರಸ್ತೆಯಾದುದರಿಂದ ಮೊಣಕಾಲಿಗೂ ಅಂಗಾಲಿಗೂ ಆಯಾಸ ಹೆಚ್ಚು. ಈಗ ಬಹುಮಂದಿ ಮೋಟಾರಿನಲ್ಲಿಯೇ ಈ ಯಾತ್ರೆಯನ್ನು ಮುಗಿಸುತ್ತಾರೆ. ನಡೆಯುವವರು ದಿನಕ್ಕೆ ೨೫ ಕಿಲೋಮೀಟರಿನಂತೆ ಹೋದರೂ ೪೮ ದಿನ ಬೇಕು. ಮಳೆಗೆ, ವಿಶ್ರಾಂತಿಗೆ ಕೆಲವು ದಿನಗಳನ್ನು ಕೂಡಿಸಿದರೆ ಎರಡು ತಿಂಗಳು. ವಸಂತ ಋತುವೂ ಶರತ್ಕಾಲವೂ ಪ್ರಶಸ್ತ. ಜೂನಿನಲ್ಲಿ ಮಳೆಗಾಲ, ಅದರ ಹಿಂದೆಯೇ ಬೇಸಗೆಯ ಬೇಗೆ ಮತ್ತು ಚಂಡಮಾರುತಗಳು.

ಯಾತ್ರಿಕನ ವೇಷವು ವಿಚಾರಯೋಗ್ಯವಾದುದು. ಬಿಳಿಯ ಅಂಗಿ, ಹುಲ್ಲಿನ ಅಗಲವಾದ ಟೊಪ್ಪಿಗೆ, ಕೈಯಲ್ಲಿ 'ವಜ್ರದಂಡ'ವೆಂಬ ಅರ್ಥದ ಹೆಸರುಳ್ಳ ಕೋಲು. ಬಿಳಿಯ ಬಟ್ಟೆಯು ಶವವಸ್ತ್ರದ ಗುರುತು. ಹಿಂದೆ ದಾರಿಯಲ್ಲಿ ಮಡಿದವನನ್ನು ಅಲ್ಲಿಯೇ ಹೂಳಿ ಅವನ ಕೋಲನ್ನೇ ಗೋರಿಯ ಗುರುತಾಗಿ ನೆಡುತ್ತಿದ್ದರಂತೆ. ಆ ಕೋಲು ಆಚಾರ್ಯನ ಸ್ವರೂಪವೆಂದೂ, ಒಬ್ಬನೇ ನಡೆಯುವವನೂ ನಿಜವಾಗಿ ಇಬ್ಬರಾಗಿ ನಡೆಯುತ್ತಾನೆಂದೂ ಭಾವನೆ. ರಾತ್ರಿ ಬಿಡಾರವನ್ನು ಸೇರಿದೊಡನೆ ತನ್ನ ಕಾಲಿಗಿಂತ ಮೊದಲು ಕೋಲಿನ ಬುಡವನ್ನು ತೊಳೆಯಬೇಕು. ಆಚಾರ್ಯನು ಒಮ್ಮೆ ಸೇತುವೆಯ ಕೆಳಗೆ ಮಲಗಿ ರಾತ್ರಿ ಕಳೆದನೆಂಬ ಕಾರಣದಿಂದ ಸೇತುವೆಗಳ ಮೇಲೆ ಕೋಲನ್ನು ಊರುವಂತಿಲ್ಲ. ಪ್ರತಿ ಕ್ಷೇತ್ರದಲ್ಲಿಯೂ ಪುಸ್ತಕವೊಂದರಲ್ಲಿ ಮುದ್ರೆಯನ್ನೂ ಕೈಬರಹವನ್ನೂ ಹಾಕಿಸಿಕೊಳ್ಳುವ ಪದ್ಧತಿಯುಂಟು. ಇದಕ್ಕೆ ೨೦೨೪ರಿಂದ ೫೦೦ ಯೆನ್ ಕಾಣಿಕೆ. ಸಂಜೆ ಐದಕ್ಕೆ ಆ ಕಚೇರಿ ಮುಚ್ಚುವುದರಿಂದ ದಿನದ ನಡಿಗೆಯನ್ನು ಬೆಳಗ್ಗೆ ಬೇಗನೆ ಆರಂಭಿಸತಕ್ಕದ್ದು.

ಶಾಕಾಹಾರಿಗಳಿಗೆ ಊಟವೇ ದೊಡ್ಡ ಚಿಂತೆ. ಜಪಾನೀಯರ ಸಾರುಗಳಿಗೆ ಸಾಮಾನ್ಯವಾಗಿ ಒಣಮೀನಿನ ಕಷಾಯವೇ ಆಧಾರ. ಕಣ್ಣಿಗೆ ಬರಿಯ ತರಕಾರಿಯಾಗಿ ಕಂಡದ್ದೂ ಹಾಗಿರದು. ಮಠಗಳಲ್ಲಿ ನಿರಾಮಿಷ ಭೋಜನದ ಸಂಪ್ರದಾಯವುಂಟಾದರೂ ತಂಗುವ ಎಲ್ಲ ಕಡೆಯೂ ಅದು ಸಿಕ್ಕೀತೆಂದು ನಂಬಿ ಹೋಗಲಾಗದು. 'ಮೀನು ಬೇಡ, ಮಾಂಸ ಬೇಡ, ಮೀನಿನ ಸಾರೂ ಬೇಡ' ಎಂದು ಜಪಾನೀ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಜೇಬಿನಲ್ಲಿಡುವುದು, ಬಿಡಾರದವರಿಗೆ ಮುಂಚಿತವಾಗಿ ತಿಳಿಸುವುದು, ಅನ್ನವನ್ನು ಕೇಳಿ ಪಡೆದು ನಮ್ಮ ಚಟ್ನಿಪುಡಿಯೊಡನೆ ಉಣ್ಣುವುದು, ಇವು ನಾವು ಕಂಡುಕೊಂಡ ಉಪಾಯಗಳು. ಹೊರೆಯು ದೇಹದ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು ಅನುಭವಿಗಳು ಹೇಳುತ್ತಾರೆ. ನಮ್ಮ ಚೀಲದಿಂದ ಮೊದಲು ಹೊರಬಿದ್ದುವು ಪುಸ್ತಕಗಳು.

ಹಣದ ಮತ್ತು ದಿನಗಳ ಲೆಕ್ಕಕ್ಕೆ ಕುಳಿತಾಗ ಮನೆಯ ಮಾತೂ ಬಂದಿತು. ಮುದ್ರೆಗಳಿಗೇ ೪೪,೦೦೦ ಯೆನ್. ಅದರ ಮೇಲೆ ಎರಡು ತಿಂಗಳ ವಸತಿ, ವಿಮಾನದ ಚೀಟಿ, ವೀಸಾ, ಆರೋಗ್ಯ ವಿಮೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ಮನೆಯವರಿಗೆ ಮಂಡಿನೋವಿರುವುದರಿಂದ ಜೊತೆಗೆ ಬರಲಾರರು. ಎರಡು ತಿಂಗಳು ಅವರನ್ನು ಒಂಟಿಯಾಗಿ ಬಿಟ್ಟುಹೋಗಲು ನಮಗೂ ಮನಸ್ಸಿಲ್ಲ. ಈ ಯಾತ್ರೆಯಲ್ಲಿ ಒಂದು ಸಲಕ್ಕೆ ಒಂದೇ ಪ್ರಾಂತವನ್ನು ನಡೆದು, ಮುಂದಿನದನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುವ ಪದ್ಧತಿಯು ಪೂರ್ವದಿಂದಲೂ ಇದೆ; ಅದರಿಂದ ಪುಣ್ಯಕ್ಕೆ ಕೊರತೆಯೆಂದು ಯಾರೂ ಎಣಿಸುವುದಿಲ್ಲ. ಆದಕಾರಣ ಈ ಸಲ ಆವಾ ಪ್ರಾಂತದ ೨೩ ಕ್ಷೇತ್ರಗಳನ್ನು ಮಾತ್ರ, ಹೋಗಿಬರುವ ಪ್ರಯಾಣವೂ ಸೇರಿ ಮೂರು ವಾರದೊಳಗೆ, ಸಂದರ್ಶಿಸಿ ಬರುವುದೆಂದು ಇಬ್ಬರೂ ಒಪ್ಪಿದೆವು.

ಆದರೆ ಎಲ್ಲಕ್ಕಿಂತ ಕಠಿನವಾದ ಸಿದ್ಧತೆ ಬೇರೊಂದುಂಟು. ಶಿಕೋಕುವಿನ ಜನರು ದಾರಿಯಲ್ಲಿ ನಡೆಯುವ ಯಾತ್ರಿಕನನ್ನು ನಿಲ್ಲಿಸಿ ಕಿತ್ತಳೆ ಹಣ್ಣು, ಚಹಾ, ತಿಂಡಿ, ಕೆಲವು ವೇಳೆ ಹಣವನ್ನೂ ಕೊಡುತ್ತಾರೆ. ಇದಕ್ಕೆ 'ಓಸೆತ್ತಾಯ್' ಎಂದು ಹೆಸರು. ಯಾತ್ರಿಕನಿಗೆ ಕೊಟ್ಟದ್ದು ಆಚಾರ್ಯನಿಗೇ ಕೊಟ್ಟಂತೆ ಎಂದು ಅವರ ನಂಬುಗೆ. ಅದನ್ನು ನಿರಾಕರಿಸಬಾರದು, ತೆಗೆದುಕೊಂಡು, ತನ್ನ ಹೆಸರು ಬರೆದ ಚೀಟಿಯೊಂದನ್ನು ಕೊಟ್ಟು ನಮಸ್ಕರಿಸಬೇಕು. ಹೊಸ ಯಾತ್ರಿಕನ ಚೀಟಿ ಬಿಳಿಯದು. ನೂರು ಸುತ್ತು ಬಂದವನದು ಜರತಾರಿಯದು. ೧೯೨೨ರಲ್ಲಿ ತೀರಿಕೊಂಡ ನಕತ್ಸುಕಾಸ ಮೋಹೆಯಿ ಎಂಬಾತನು ೨೮೦ ಸುತ್ತು ನಡೆದು, ಹಿಂದೆ ಬರುವವರಿಗಾಗಿ ದಾರಿಯುದ್ದಕ್ಕೂ ಕೈಮರದ ಕಲ್ಲುಗಳನ್ನು ನಿಲ್ಲಿಸಿದನು.

ಈ ದಾನಧರ್ಮಕ್ಕೆ ಕಥೆಯೊಂದುಂಟು. ಇಯೋ ಪ್ರಾಂತದಲ್ಲಿ ಎಮೋನ್ ಸಾಬುರೋ ಎಂಬ ಧನಿಕನಿದ್ದನು. ಭಿಕ್ಷೆಗೆ ಬಂದ ಸನ್ಯಾಸಿಯನ್ನು ಗದರಿಸಿ ಅಟ್ಟಿ, ಅವನ ಪಾತ್ರೆಯನ್ನು ಹೊಡೆಯಲು ಅದು ಎಂಟು ಚೂರಾಯಿತು. ಅನಂತರ ಅವನ ಎಂಟು ಮಕ್ಕಳೂ ಒಬ್ಬೊಬ್ಬರಾಗಿ ಸತ್ತರು. ಬಂದವನು ಕೋಬೋ ದಾಯಿಶಿಯೆಂದು ತಿಳಿದು, ಕ್ಷಮೆ ಬೇಡಲು ದ್ವೀಪವನ್ನು ಇಪ್ಪತ್ತು ಸಲ ಸುತ್ತಿದರೂ ಆತನು ಸಿಕ್ಕಲಿಲ್ಲ. ಇಪ್ಪತ್ತೊಂದನೆಯ ಸಲ ಅಪ್ರದಕ್ಷಿಣವಾಗಿ ಹೊರಟು ಶೋಸಾನ್‌ಜಿಯ ಬಳಿ ಕುಸಿದು ಬಿದ್ದಾಗ ಆಚಾರ್ಯನು ಎದುರಿಗೆ ಬಂದು ಅವನನ್ನು ಅನುಗ್ರಹಿಸಿದನು. ಅವನೇ ಮೊದಲನೆಯ ಯಾತ್ರಿಕನೆನ್ನುತ್ತಾರೆ.

ಈ ಕಥೆಯನ್ನು ಓದಿ ಹೇಳಿದಾಗ ನಮ್ಮ ಮನೆಯವರು, "ಕೊಡದೆ ಇದ್ದವನ ಕಥೆ ಆಯಿತು. ತೆಗೆದುಕೊಳ್ಳದವರ ಕಥೆ ಏನು? ಒಬ್ಬರ ಮನೆಯ ಒಂದು ಲೋಟ ಕಾಫಿಯನ್ನೂ ಋಣವೆಂದು ಎಣಿಸುವವರು ನೀವು. ಗುರುತಿಲ್ಲದ ಮುದುಕಿಯೊಬ್ಬಳು ಕೈಗೆ ಹಣ್ಣು ಕೊಟ್ಟರೆ ಏನು ಮಾಡುತ್ತೀರಿ?" ಎಂದು ಕೇಳಿದರು. ನಮಗೆ ತಟ್ಟನೆ ಉತ್ತರ ತೋಚಲಿಲ್ಲ. ಯಾರಿಗೂ ಕೈಯೊಡ್ಡದೆ ಬಾಳಿದೆವೆಂಬ ತೃಪ್ತಿಯು ಮೇಷ್ಟರ ಬಡತನದ ಏಕಮಾತ್ರ ಅಲಂಕಾರ. ಆ ಯಾತ್ರೆಯಲ್ಲಿ ಕಳಚಿಡಬೇಕಾದುದು ಅದನ್ನೇ.

ಅಂದಿನಿಂದ ಬೆಳಗ್ಗೆ ನಡಿಗೆಯ ಅಭ್ಯಾಸದ ಜೊತೆಗೆ ಇನ್ನೊಂದು ಅಭ್ಯಾಸವನ್ನೂ ಮಾಡುತ್ತಿದ್ದೇವೆ. ದಾರಿಯಲ್ಲಿ ಎಳನೀರು ಮಾರುವ ಹಳೆಯ ವಿದ್ಯಾರ್ಥಿಯೊಬ್ಬನು, "ಸಾರ್, ದುಡ್ಡು ಬೇಡ, ಕುಡಿದು ಹೋಗಿ," ಎಂದು ವರ್ಷಗಳಿಂದ ಹೇಳುತ್ತಿದ್ದನು. ನಾವು ನಾಣ್ಯವನ್ನು ಇಟ್ಟೇ ಬರುತ್ತಿದ್ದೆವು. ಈಚೆಗೆ ಇಡದೆ ಕುಡಿದು ಬಂದೆವು. ಅವನ ಮುಖದಲ್ಲಿ ಕಂಡ ಸಂತೋಷವು ನಾವು ಕೊಟ್ಟ ಯಾವ ನಾಣ್ಯಕ್ಕೂ ಅರಳಿದುದಿಲ್ಲ.

ವಿಚಾರಮಾಡಿ ನೋಡಿದರೆ ಕೂಕಾಯ್‌ನ ಮಹಿಮೆಯೂ ಪಡೆಯುವುದರಿಂದಲೇ ಆರಂಭವಾಯಿತು. ಪರದೇಶದಿಂದ ಬಂದ ಆ ಶಿಷ್ಯನಿಗೆ ಹುಯಿಗುವೊ ಗುರುವು ಕೆಲವೇ ತಿಂಗಳುಗಳಲ್ಲಿ ತನ್ನ ವಿದ್ಯೆಯೆಲ್ಲವನ್ನೂ ಧಾರೆಯೆರೆದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡನು. ಕೈಯೊಡ್ಡಲು ಕೂಕಾಯ್ ನಾಚಿದ್ದರೆ ಆ ಅಕ್ಷರಗಳು ಜಪಾನಿನ ಕೋಲಿನ ತುದಿಯನ್ನು ಸೇರುತ್ತಿರಲಿಲ್ಲ.

ಇಂಥ ಯಾತ್ರೆಯನ್ನು ಬಯಸುವವರಿಗೆ ನಾವು ಹೇಳುವುದಿಷ್ಟು. ಮೂರು ತಿಂಗಳು ಮುಂಚಿನಿಂದ ನಡೆಯಿರಿ. ಜೋಡನ್ನು ಊರಿನಲ್ಲಿಯೇ ಮೆಟ್ಟಿ ಪಳಗಿಸಿರಿ. ವೈದ್ಯರಿಗೆ ದೇಹವನ್ನು ತೋರಿಸಿರಿ. ಮನೆಯವರ ಒಪ್ಪಿಗೆಯಷ್ಟೇ ದೂರವನ್ನು ಸಂಕಲ್ಪಿಸಿರಿ. ಚೀಲವನ್ನು ಹಗುರ ಮಾಡಿಕೊಳ್ಳುವಾಗ, ಯಾರ ಹಂಗೂ ಬೇಡವೆಂಬ ಅಭಿಮಾನವನ್ನೂ ತೆಗೆದು ಮನೆಯಲ್ಲಿಡಿರಿ. ಬರುವ ವಸಂತದಲ್ಲಿ, ದೈವಾನುಗ್ರಹವಿದ್ದರೆ, ಬಿಳಿಯ ಚೀಟಿಗಳ ಕಟ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ನಾವು ಹೊರಡುವೆವು.