ಪಂಪ್‌ಹೌಸಿನ ಹೊಸ ಕಾವಲು

ತುಂಗಭದ್ರೆಯಿಂದ ನೀರೆತ್ತುವ ಪಂಪ್‌ಹೌಸಿಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ದುಂಡನೆಯ ಕಾಗದದ ಮೇಲೆ ಶಾಯಿಯ ಮುಳ್ಳೊಂದು ದಿನವಿಡೀ ಒತ್ತಡದ ಗೆರೆ ಎಳೆಯುತ್ತಿತ್ತು. ಹಿರಿಯ ಆಪರೇಟರುಗಳು ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಗೆ ಕಿವಿಗೊಟ್ಟು ಆಲಿಸುತ್ತಿದ್ದರು. ‘ಇದರ ಸದ್ದು ಇವತ್ತು ಬೇರೆ ಐತಿ ನೋಡಪ್ಪಾ’ ಎಂದರೆ ಮುಗಿಯಿತು, ಪಂಪು ನಿಲ್ಲಿಸಿ ಬಿಚ್ಚುವುದೇ.

ಆಮೇಲೆ ಪಂಪು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರು, ಎಲ್ಲ ಅಳತೆಗಳನ್ನೂ ಒಂದೆಡೆ ತೋರಿಸುವ ಸ್ಕಾಡಾ ಪರದೆ ಬಂದವು. ಪ್ರತಿ ಅಳತೆಗೂ ಮೇಲೊಂದು ಮಿತಿ, ಕೆಳಗೊಂದು ಮಿತಿ, ದಾಟಿದರೆ ಅಲಾರಂ. ಅದು ಎಷ್ಟು ಕೂಗುತ್ತಿತ್ತೆಂದರೆ, ರಾತ್ರಿ ಪಾಳಿಯಲ್ಲಿ ನೋಡದೆಯೇ ಗುಂಡಿ ಒತ್ತಿ ಸುಮ್ಮನಾಗಿಸುವುದು ರೂಢಿಯಾಯಿತು. ಒಮ್ಮೆ ಟ್ಯಾಂಕಿನ ಮಟ್ಟ ತೋರುವ ಸೆನ್ಸರ್ ಒಂದೇ ಅಂಕಿಯಲ್ಲಿ ನಿಂತುಬಿಟ್ಟಿತು. ಅಂಕಿ ಮಿತಿಯೊಳಗೇ ಇದ್ದುದರಿಂದ ಅಲಾರಂ ಬರಲಿಲ್ಲ. ಶುದ್ಧ ಮಾಡಿದ ನೀರು ಬೆಳಗಿನವರೆಗೂ ಉಕ್ಕಿ ಚರಂಡಿ ಸೇರಿತು.

2010ರಲ್ಲಿ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್‌ನ ಸುದ್ದಿ ಓದಿದಾಗ ನನಗೆ ನಿಜಕ್ಕೂ ಭಯವಾಯಿತು. ಇರಾನಿನ ನತಾಂಜ್ ಪರಮಾಣು ಘಟಕದಲ್ಲಿ ಅದು ಸೆಂಟ್ರಿಫ್ಯೂಜ್‌ಗಳನ್ನು ಕೆಡಿಸುತ್ತಲೇ ಪರದೆಗೆ ಎಲ್ಲ ಸರಿಯಿದೆಯೆಂಬ ಹಳೆಯ ಅಂಕಿಗಳನ್ನು ಕಳಿಸುತ್ತಿತ್ತು. ಯಂತ್ರಗಳ ನಡುವಿನ ಮಾತುಕತೆಗೆ ನಾವು ಬಳಸುತ್ತಿದ್ದುದು 1979ರ ಮಾಡ್‌ಬಸ್ ಎಂಬ ವಿಧಾನ; ಆಜ್ಞೆ ಯಾರದೆಂದು ಕೇಳುವ ಏರ್ಪಾಟೇ ಅದರಲ್ಲಿಲ್ಲ.

ನಿವೃತ್ತಿಗೆ ಮುಂಚೆ ನೋಡಿದ ಹೊಸದೆಂದರೆ ಪ್ಯಾನೆಲ್ಲಿನೊಳಗೆ ಕೂತು ಅಂಕಿಗಳ ಮೇಲೆ ಕಣ್ಣಿಡುವ ಅಂಗೈಯಗಲದ ಪೆಟ್ಟಿಗೆ. ಅದಕ್ಕೆ ಇಂಟರ್‌ನೆಟ್ ಬೇಡ. ಕೇಳಿಸಿಕೊಳ್ಳುತ್ತದೆಯೇ ಹೊರತು ಪಂಪಿಗೆ ಆಜ್ಞೆ ಕೊಡುವುದಿಲ್ಲ. ಇದು ನನಗೆ ಬಹಳ ಹಿಡಿಸಿತು. ಮೋಟಾರಿನ ಕರೆಂಟು, ಹರಿವು, ಒತ್ತಡ, ಟ್ಯಾಂಕಿನ ಮಟ್ಟ ಒಂದರ ಜೊತೆಗೊಂದು ಹೇಗೆ ಏರಿಳಿಯುತ್ತವೆಂದು ಮೊದಲು ಕಲಿಯುತ್ತದೆ. ಆಮೇಲೆ ಉಳಿದವುಗಳಿಂದ ಒಂದನ್ನು ಅಂದಾಜು ಮಾಡಿ, ಬಂದ ಅಂಕಿಯೊಂದಿಗೆ ತಾಳೆ ನೋಡುತ್ತದೆ. ಪಂಪು ಓಡುತ್ತಿದ್ದು ಮಟ್ಟ ಕದಲದಿದ್ದರೆ ಕೂಡಲೇ ಎಚ್ಚರಿಸುತ್ತದೆ. ಕಲಿತದ್ದನ್ನು 32 ಬಿಟ್‌ಗಳ ಬದಲು 8 ಬಿಟ್‌ಗಳಲ್ಲಿ ಬರೆದಿಟ್ಟರೆ ಕಾಲುಭಾಗ ಜಾಗ ಸಾಕು. ಅದಕ್ಕೇ ಅಷ್ಟು ಚಿಕ್ಕ ಚಿಪ್‌ನಲ್ಲಿ ಹಿಡಿಯುತ್ತದೆ.

ಬೇಸಿಗೆಯ ಅಂಕಿಗಳನ್ನಷ್ಟೇ ಕಂಡಿದ್ದ ಪೆಟ್ಟಿಗೆ, ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ಎಡೆಬಿಡದೆ ಕೂಗಿತು. ರಾಡಿ ಹೆಚ್ಚಿದರೆ ನೀರು ತಿಳಿಗೊಳಿಸುವ ಆಲಂ (ಪಟಿಕ) ಹೆಚ್ಚು ಬೇಕೆಂಬುದು ಅದಕ್ಕೆ ತಿಳಿದಿರಲಿಲ್ಲ. ಹಳೆಯ ಲಾಗ್‌ಬುಕ್ ತೆಗೆದು, ಯಾವ ದಿನ ಮಳೆ, ಯಾವ ದಿನ ನಿಜವಾದ ಕೆಡುಕು ಎಂದು ಬೇರ್ಪಡಿಸಿ ಮತ್ತೆ ಕಲಿಸಿದ ಮೇಲೆಯೇ ಹದಕ್ಕೆ ಬಂತು.

ಇಂಥ ಪೆಟ್ಟಿಗೆ ತರಿಸುವ ಊರುಗಳವರು ವರ್ಷದ ಎಲ್ಲ ಕಾಲದ ಅಂಕಿಗಳನ್ನೂ ಅದಕ್ಕೆ ಕೊಡಿ. ಆಪರೇಟರುಗಳ ಲಾಗ್‌ಬುಕ್‌ಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.