ಮರವಿಳಿದವರ ಸಭೆ

ತುಳುನಾಡಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಸಮುದಾಯಗಳಲ್ಲಿ, ಕುಡಿತದ ಪ್ರಶ್ನೆ ಧರ್ಮಶಾಸ್ತ್ರದ್ದಾಗುವ ಮೊದಲೇ ಹೊಟ್ಟೆಪಾಡಿನದಾಗಿತ್ತು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಮುಂದಿನ ದಶಕಗಳಲ್ಲಿ ಅವರ ಬೋಧನೆಗೆ ಒಲಿದವರಲ್ಲಿ ಬಿಲ್ಲವರು ಬಹುಸಂಖ್ಯೆಯಲ್ಲಿದ್ದರು, ಮತ್ತು ಬಿಲ್ಲವರಲ್ಲಿ ಅನೇಕರ ಕುಲಕಸುಬು ಮೂರ್ತೆದಾರಿಕೆ, ಅಂದರೆ ತೆಂಗು ತಾಳೆಗಳನ್ನೇರಿ ಕಳ್ಳು ಇಳಿಸುವುದು. ಕಳ್ಳು ಅಲ್ಲಿ ಬರಿಯ ಪಾನೀಯವಾಗಿರಲಿಲ್ಲ. ದುಡಿಮೆಯ ಫಲವೂ ನೆಂಟರ ಸತ್ಕಾರವೂ ದೈವಗಳಿಗೆ ಸಲ್ಲುವ ಕಾಣಿಕೆಯೂ ಆಗಿತ್ತು. ಆದ್ದರಿಂದ ಅದನ್ನು ಬಿಟ್ಟವನು ಒಂದು ಚಟವನ್ನಷ್ಟೇ ಬಿಡಲಿಲ್ಲ, ಕುಟುಂಬದ ಕೂಟದಲ್ಲಿ ತನಗಿದ್ದ ಸ್ಥಾನವನ್ನೂ ನಾಳೆಯ ಅನ್ನವನ್ನೂ ಒಟ್ಟಿಗೇ ಬಿಟ್ಟನು.

ಈ ತ್ಯಾಗವನ್ನು ಬಯಸಿದ ಪಾದ್ರಿಗಳಲ್ಲಿ ಹಲವರು ದ್ರಾಕ್ಷಿತೋಟಗಳಿಗೆ ಹೆಸರಾದ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು ಎಂಬುದನ್ನು ಮರೆಯಬಾರದು. ಅವರು ಪಯಟಿಸಂ ಎಂಬ ಪಂಥದವರು. ತತ್ತ್ವವನ್ನು ಒಪ್ಪಿದರೆ ಸಾಲದು, ನಂಬಿಕೆ ದಿನನಿತ್ಯದ ನಡತೆಯಲ್ಲಿ ಕಾಣಬೇಕು ಎಂಬುದು ಆ ಪಂಥದ ಹಟ. ಬೈಬಲ್ ಅವರಿಗೆ ಪೂರ್ಣ ನಿಷೇಧವನ್ನು ಕೊಟ್ಟಿರಲಿಲ್ಲ: ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಕಥೆ ಅದರಲ್ಲಿದೆ, ಜಠರದ ಬಾಧೆಯಿದ್ದ ತಿಮೊಥೆಗೆ ಸ್ವಲ್ಪ ದ್ರಾಕ್ಷಾರಸ ಸೇವಿಸೆಂದ ಸಲಹೆಯೂ ಇದೆ, ಕುಡಿದು ಮತ್ತರಾಗುವುದರ ವಿರುದ್ಧ ಎಫೆಸದವರಿಗೆ ಬರೆದ ಕಟುವಾದ ಎಚ್ಚರಿಕೆಯೂ ಇದೆ. ಆದುದರಿಂದ ಕಳ್ಳಿನ ನಿರಾಕರಣೆ ಗ್ರಂಥದ ಅಕ್ಷರದಿಂದ ನೇರವಾಗಿ ಬಂದದ್ದಲ್ಲ. ಹಳೆಯ ಬದುಕಿಗೂ ಹೊಸದಕ್ಕೂ ನಡುವೆ ಎಲ್ಲರ ಕಣ್ಣಿಗೆ ಕಾಣುವ ಗೆರೆಯೊಂದು ಬೇಕೆಂಬ ಬಯಕೆಯಿಂದ ಬಂದದ್ದು ಎಂದೇ ತಿಳಿಯಬೇಕು.

ಆದರೆ ಆ ಮಿಷನ್ನಿನ ನಿಜವಾದ ಹಿರಿಮೆ ನಿಷೇಧದಲ್ಲಿಲ್ಲ, ನಿಷೇಧದ ಬೆಲೆಯನ್ನು ತಾನೂ ಹೊತ್ತದ್ದರಲ್ಲಿದೆ. ಮರ ಹತ್ತಬೇಡವೆಂದವರೇ ಮಗ್ಗದ ಮುಂದೆ ಕೂರಿಸಿದರು. ಬೇಸಾಯ, ಮುದ್ರಣ, ನೇಯ್ಗೆಗಳ ಪ್ರಯೋಗಗಳ ಬಳಿಕ 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದನು, ಮಂಗಳೂರು ಹಂಚು ಕರಾವಳಿಯ ಮಾಡುಗಳನ್ನೇರಿ ದೂರದೇಶಗಳಿಗೂ ಹೋಯಿತು. ಇದರಲ್ಲಿ ತೊಡಕೂ ಇತ್ತು: ಕೂಲಿ ಕೊಡುವ ಕೈಯೂ ನಡತೆಯನ್ನು ಅಳೆಯುವ ಕೈಯೂ ಒಂದೇ ಆದಾಗ ಕುಡಿದವನು ತಪ್ಪೊಪ್ಪಿಕೊಳ್ಳುವುದಕ್ಕಿಂತ ಮುಚ್ಚಿಡುವುದೇ ಸುಲಭವಾಗುತ್ತದೆ. ಒಂದನೆಯ ಮಹಾಯುದ್ಧದಲ್ಲಿ ಈ ಉದ್ಯಮಗಳು ಮಿಷನ್ನಿನ ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಕುಡಿಯಬಾರದೆಂಬ ನಿಯಮ ಮಾತ್ರ ಸಭೆಯಲ್ಲಿ ಉಳಿಯಿತು, ಅದರ ಜೊತೆಗಿದ್ದ ಹೊಣೆ ತೆಳುವಾಯಿತು. ಇಂದು ಅನೇಕ ಸಭೆಗಳಲ್ಲಿ ಕುಡಿತ ಮಾತಾಡಬಾರದ ಸಂಗತಿಯಾಗಿ, ಕುಡುಕನ ಹೆಂಡತಿ ಮಕ್ಕಳು ಆ ಮೌನದೊಳಗೇ ಬೇಯುತ್ತಿರುವುದಕ್ಕೆ ಮೂಲ ಇಲ್ಲಿದೆ.

ಅದೇ ಮಂಗಳೂರಿನ ಕ್ಯಾಥೊಲಿಕರ ದಾರಿ ಬೇರೆ. ಅವರ ಬಲಿಪೂಜೆಗೆ, ಅಂದರೆ ಮಾಸ್ ಎಂಬ ಆರಾಧನೆಗೆ, ದ್ರಾಕ್ಷಿಯಿಂದಲೇ ಮಾಡಿದ ನಿಜವಾದ ದ್ರಾಕ್ಷಾರಸ ಬೇಕೆಂಬುದು ಧರ್ಮಸಭೆಯ ಕಾನೂನು, ಮದುವೆಯ ಔತಣದಲ್ಲಿ ವೈನ್ ಹಿಡಿದು ಶುಭ ಕೋರುವುದು ರೂಢಿ. ಅಲ್ಲಿ ಪಾಪವೆನಿಸುವುದು ಮಿತಿಮೀರುವುದೇ ಹೊರತು ಮುಟ್ಟುವುದಲ್ಲ. ಹಾಗೆಂದು ಮಿತಿಯ ಬೋಧನೆ, ಮಿತಿಯೇ ಕೈಗೂಡದವನನ್ನು ಕಾಪಾಡುವುದಿಲ್ಲ.

ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಇಂಥವನನ್ನು ನೆನೆಯಲು ದಾರಿ ತೋರುತ್ತಾನೆ: ತನಗೆ ಸ್ವಾತಂತ್ರ್ಯವಿದ್ದರೂ ಸಹೋದರನು ಎಡವುವುದಾದರೆ ಅದನ್ನು ಬಿಡುವುದೇ ಒಳ್ಳೆಯದು ಎಂಬುದು ಆತನ ವಾದ. ಅಮೆರಿಕದಲ್ಲಿ 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯನು ದ್ರಾಕ್ಷಿಯ ರಸವನ್ನು ಹುಳಿಯದಂತೆ ಕಾಯಿಸಿಡುವ ವಿಧಾನವನ್ನು ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ಮತ್ತು ಪಾತ್ರೆಯನ್ನು ಹಂಚಿಕೊಳ್ಳುವ ಸಂಸ್ಕಾರಕ್ಕೆಂದೇ ಬಳಕೆಗೆ ತಂದನು. ಸಣ್ಣದೆನಿಸುವ ಈ ಬದಲಾವಣೆಯಿಂದ ಕುಡಿತ ಬಿಡಲು ಹೆಣಗುವವನು ಹೆದರಿಕೆಯಿಲ್ಲದೆ ಆ ಪಾತ್ರೆಗೆ ತುಟಿಯಿಡಬಹುದು. 1935ರಲ್ಲಿ ಅಮೆರಿಕದಲ್ಲೇ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಟ್ಟವರು ಮತ್ತು ಬಿಡಬಯಸುವವರು ಪರಸ್ಪರ ಆಸರೆಯಾಗುವ ಬಳಗ, ಲೋಕದ ಅನೇಕ ಊರುಗಳಲ್ಲಿ ಸೇರುವುದು ಚರ್ಚುಗಳು ಬಿಟ್ಟುಕೊಟ್ಟ ಕೋಣೆಗಳಲ್ಲಿ. ಅಲ್ಲಿ ಕುಡಿಯುತ್ತಿದ್ದೆನೆಂದು ಬಾಯಿಬಿಟ್ಟು ಹೇಳಿದವನನ್ನು ಯಾರೂ ಹೊರಗೆ ಕಳುಹಿಸುವುದಿಲ್ಲ.